ಹಾರ್ಮೋನಿನ ಲೆಕ್ಕ ಬರೆದ ವೈದ್ಯ: ಚಾರ್ಲ್ಸ್ ಹಗಿನ್ಸ್

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಹತ್ತನೇ ತರಗತಿ ಮುಗಿದ ಮೇಲೆ ಜೀವಶಾಸ್ತ್ರದ ಪುಸ್ತಕವನ್ನು ತಮ್ಮನಿಗೆ ಕೊಟ್ಟುಬಿಟ್ಟೆ. ಆದರೂ ಈ ಸಂಚಿಕೆಗೆ ಒಬ್ಬ ವೈದ್ಯರ ಜೀವನವನ್ನು ಬರೆಯಲು ಆರಿಸಿಕೊಂಡಿದ್ದೇನೆ. ಅವರ ಹೆಸರು ಚಾರ್ಲ್ಸ್ ಬ್ರೆಂಟನ್ ಹಗಿನ್ಸ್. 1966ರಲ್ಲಿ ವೈದ್ಯಕೀಯ ಕ್ಷೇತ್ರದ ನೊಬೆಲ್ ಪ್ರಶಸ್ತಿ ಪಡೆದವರು. ಪುರುಷರಿಗೆ ಮಾತ್ರ ಬರುವ ಪ್ರಾಸ್ಟೇಟ್ ಕ್ಯಾನ್ಸರಿನ ಬಗ್ಗೆ ಅವರು 1941ರಲ್ಲಿ ಪ್ರಕಟಿಸಿದ ಲೇಖನಗಳು ಕ್ಯಾನ್ಸರ್ ಚಿಕಿತ್ಸೆಯ ದಾರಿಯನ್ನೇ ಬದಲಾಯಿಸಿದವು. ವಿಜ್ಞಾನ ವಿಭಾಗದ ಗೆಳೆಯರಿಗೆ ಈ ಹೆಸರು ಗೊತ್ತಿರಬಹುದು. ನಮ್ಮಂಥ ಜಮಾ-ಖರ್ಚಿನವರಿಗೂ ಅದು ಗೊತ್ತಿರಬೇಕು ಎಂದು ನನಗೆ ಏಕೆ ಅನ್ನಿಸಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಹಗಿನ್ಸ್ ಅವರು ಹುಟ್ಟಿದ್ದು 1901ರ ಸೆಪ್ಟೆಂಬರ್ 22ರಂದು, ಕೆನಡಾ ದೇಶದ ಪೂರ್ವ ಕರಾವಳಿಯ ಹ್ಯಾಲಿಫ್ಯಾಕ್ಸ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ಔಷಧ ತಯಾರಿಸಿ ಕೊಡುವ ಫಾರ್ಮಸಿಸ್ಟ್. ಓದಿನಲ್ಲಿ ಹುಡುಗ ಬಹಳ ಚುರುಕು. ಅದೇ ಪ್ರಾಂತ್ಯದ ಅಕೇಡಿಯಾ ವಿಶ್ವವಿದ್ಯಾಲಯದಿಂದ 1920ರಲ್ಲಿ ಬಿ.ಎ. ಪದವಿ ಪಡೆದಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ನಮ್ಮಲ್ಲಿ ಆ ವಯಸ್ಸಿಗೆ ಹೆಚ್ಚಿನವರು ಡಿಗ್ರಿ ಮೊದಲ ವರ್ಷದಲ್ಲಿರುತ್ತಾರೆ. ಅಲ್ಲಿಂದ ಅವರು ಅಮೆರಿಕಕ್ಕೆ ಹೋಗಿ ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಸೇರಿದರು. 1924ರಲ್ಲಿ, ಇಪ್ಪತ್ತೆರಡನೇ ವಯಸ್ಸಿನಲ್ಲಿ, ವೈದ್ಯರಾದರು.

ನಂತರ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿ ಪಡೆದರು. 1927ರಲ್ಲಿ ಅವರ ಜೀವನದಲ್ಲಿ ಎರಡು ಮುಖ್ಯ ಘಟನೆಗಳು ನಡೆದವು. ಮಾರ್ಗರೆಟ್ ವೆಲ್‌ಮನ್ ಎಂಬ ನರ್ಸ್ ಜೊತೆ ಮದುವೆಯಾಯಿತು. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಆಗತಾನೇ ಶುರುವಾಗುತ್ತಿದ್ದ ವೈದ್ಯಕೀಯ ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಅಲ್ಲಿಯ ಮೊದಲ ಅಧ್ಯಾಪಕರ ಗುಂಪಿನಲ್ಲಿ ಅವರೂ ಒಬ್ಬರು. ಮುಂದೆ ಏಳು ದಶಕಗಳ ಕಾಲ, ಸಾಯುವ ತನಕ, ಶಿಕಾಗೊ ಬಿಟ್ಟು ಅವರು ಬೇರೆ ಊರಿಗೆ ನೆಲೆಸಲು ಹೋಗಲಿಲ್ಲ.

ಶಿಕಾಗೊದಲ್ಲಿ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾಗಿದ್ದವರು ಡಲ್ಲಾಸ್ ಫೆಮಿಸ್ಟರ್. ಮೂತ್ರಾಂಗಗಳ ಕಾಯಿಲೆಗಳನ್ನು ನೋಡಿಕೊಳ್ಳುವ ಯುರಾಲಜಿ ವಿಭಾಗಕ್ಕೆ ಒಬ್ಬರು ಬೇಕಾಗಿತ್ತು. ಆ ಕೆಲಸ ಹಗಿನ್ಸ್ ಅವರ ಪಾಲಿಗೆ ಬಂತು. ಅವರು ಆ ವಿಷಯದಲ್ಲಿ ವಿಶೇಷ ತರಬೇತಿ ಪಡೆದವರಾಗಿರಲಿಲ್ಲ. ಪುಸ್ತಕ ಹಿಡಿದು ಕುಳಿತು ತಾವೇ ಕಲಿತರು. ತಾನು ಆರಿಸಿಕೊಳ್ಳದ ವಿಷಯದಲ್ಲಿ ಒಬ್ಬ ಮನುಷ್ಯ ನೊಬೆಲ್ ತನಕ ಹೋಗಬಹುದು ಎನ್ನುವುದನ್ನು, ಅಂಕ ಕಡಿಮೆ ಬಂದು ಬೇರೆ ವಿಭಾಗಕ್ಕೆ ಸೇರಿದ ನಮ್ಮ ಕಾಲೇಜಿನ ಗೆಳೆಯರು ನೆನಪಿಟ್ಟುಕೊಳ್ಳಬಹುದು.

ಅವರ ಮೊದಲ ಸಂಶೋಧನೆ ಕ್ಯಾನ್ಸರಿನದಲ್ಲ, ಮೂಳೆಯದು. ನಾಯಿಯ ಮೂತ್ರಕೋಶದ ಒಳಪದರದ ತುಂಡನ್ನು ಸ್ನಾಯುವಿನ ಪದರಕ್ಕೆ ಕಸಿ ಮಾಡಿದರೆ ಅಲ್ಲಿ ಹೊಸದಾಗಿ ಮೂಳೆ ಬೆಳೆಯುತ್ತದೆ ಎಂದು ಅವರು ತೋರಿಸಿದರು. ಮೂಳೆ ಹೇಗೆ ಬೆಳೆಯುತ್ತದೆ ಎಂದು ತಿಳಿಯಬೇಕಾದರೆ ರಸಾಯನಶಾಸ್ತ್ರ ಗೊತ್ತಿರಬೇಕು. ಅದಕ್ಕಾಗಿ 1931ರಲ್ಲಿ ಯುರೋಪಿಗೆ ಹೋದರು. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ರಾಬರ್ಟ್ ರಾಬಿಸನ್ ಅವರ ಬಳಿ ಫಾಸ್ಫಟೇಸ್ ಎಂಬ ಕಿಣ್ವಗಳ ಬಗ್ಗೆ ಕಲಿತರು. ಬರ್ಲಿನ್‌ನಲ್ಲಿ ಪ್ರಸಿದ್ಧ ವಿಜ್ಞಾನಿ ಒಟ್ಟೊ ವಾರ್‌ಬರ್ಗ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. ಆಗ ಕಲಿತ ಈ ಕಿಣ್ವದ ವಿದ್ಯೆ ಹತ್ತು ವರ್ಷದ ನಂತರ ಅವರ ಕೈ ಹಿಡಿಯಿತು.

ಇಲ್ಲಿ ಪ್ರಾಸ್ಟೇಟ್ ಎಂದರೇನು ಎಂದು ಸ್ವಲ್ಪ ಹೇಳಬೇಕು. ಇದು ಪುರುಷರ ದೇಹದಲ್ಲಿ ಮೂತ್ರಕೋಶದ ಕೆಳಗಿರುವ, ಅಕ್ರೋಟಿನಷ್ಟು ಗಾತ್ರದ ಒಂದು ಗ್ರಂಥಿ. ವೀರ್ಯದ ಒಂದು ಭಾಗವಾದ ದ್ರವವನ್ನು ತಯಾರಿಸುವುದು ಅದರ ಕೆಲಸ. ಮೂತ್ರ ಹೊರಬರುವ ನಾಳ ಈ ಗ್ರಂಥಿಯ ನಡುವಿನಿಂದಲೇ ಹಾದುಹೋಗುತ್ತದೆ. ವಯಸ್ಸಾದಂತೆ ಗ್ರಂಥಿ ದೊಡ್ಡದಾದರೆ ನಾಳ ಒತ್ತಿಕೊಳ್ಳುತ್ತದೆ. ಮೂತ್ರ ನಿಧಾನವಾಗುತ್ತದೆ, ರಾತ್ರಿ ಮತ್ತೆ ಮತ್ತೆ ಏಳಬೇಕಾಗುತ್ತದೆ. ಹೆಚ್ಚಿನವರಲ್ಲಿ ಇದು ಬರೀ ಊತ, ಕ್ಯಾನ್ಸರ್ ಅಲ್ಲ. ಕೆಲವರಲ್ಲಿ ಕ್ಯಾನ್ಸರ್ ಆಗುತ್ತದೆ. ಆ ಕ್ಯಾನ್ಸರ್ ಹರಡಿದರೆ ಮೂಳೆಗಳಿಗೆ ಹೋಗುವುದು ಹೆಚ್ಚು. ಬೆನ್ನುಮೂಳೆ, ಸೊಂಟದ ಮೂಳೆಗಳಲ್ಲಿ ಕೂತುಬಿಟ್ಟರೆ ನೋವು ಸಹಿಸಲು ಆಗುವುದಿಲ್ಲ.

ಈ ಗ್ರಂಥಿಗೂ ವೃಷಣಗಳಿಗೂ ಏನೋ ಸಂಬಂಧವಿದೆ ಎಂಬ ಸಂಶಯ ಹಳೆಯದು. ಬೀಜ ತೆಗೆದ ಪ್ರಾಣಿಗಳಲ್ಲಿ ಈ ಗ್ರಂಥಿ ಚಿಕ್ಕದಾಗಿರುತ್ತದೆ ಎಂದು 18ನೇ ಶತಮಾನದಲ್ಲೇ ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಹಂಟರ್ ಗಮನಿಸಿದ್ದರು. 1890ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವಿಲಿಯಂ ವೈಟ್ ಅವರು ಪ್ರಾಸ್ಟೇಟ್ ಊತಕ್ಕೆ ವೃಷಣಗಳನ್ನು ತೆಗೆಯುವ ಚಿಕಿತ್ಸೆಯನ್ನು ಮುಂದಿಟ್ಟರು. ಆದರೆ ಆಗ ಹಾರ್ಮೋನ್ ಎಂಬ ಪದವೇ ಇರಲಿಲ್ಲ. ಏಕೆ ಹೀಗಾಗುತ್ತದೆ ಎಂದು ಹೇಳಲು ಯಾರಿಂದಲೂ ಆಗಲಿಲ್ಲ. ವೃಷಣಗಳಲ್ಲಿ ತಯಾರಾಗುವ ಟೆಸ್ಟೊಸ್ಟೆರಾನ್ ಎಂಬ ಪುರುಷ ಹಾರ್ಮೋನನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದು 1935ರಲ್ಲಿ.

ಹಗಿನ್ಸ್ ಅವರು ಕೆಲಸ ಶುರುಮಾಡಿದ್ದು ನಾಯಿಗಳಿಂದ. ಮನುಷ್ಯನಂತೆ ನಾಯಿಗೂ ವಯಸ್ಸಾದಾಗ ಪ್ರಾಸ್ಟೇಟ್ ಬೆಳೆಯುತ್ತದೆ. ಅವರು ಒಂದು ಶಸ್ತ್ರಕ್ರಿಯೆಯಿಂದ ನಾಯಿಯ ಪ್ರಾಸ್ಟೇಟ್ ದ್ರವವು ಮೂತ್ರದೊಂದಿಗೆ ಬೆರೆಯದಂತೆ ಮಾಡಿದರು. ಹೀಗೆ ಒಂದೇ ನಾಯಿಯಿಂದ ತಿಂಗಳುಗಟ್ಟಲೆ ದ್ರವವನ್ನು ಸಂಗ್ರಹಿಸಿ ಅಳೆಯಲು ಸಾಧ್ಯವಾಯಿತು. ವೃಷಣ ತೆಗೆದಾಗ ದ್ರವ ಬತ್ತಿಹೋಯಿತು. ಪುರುಷ ಹಾರ್ಮೋನ್ ಕೊಟ್ಟಾಗ ಮತ್ತೆ ಬಂತು. 1939 ಮತ್ತು 1940ರಲ್ಲಿ ಈ ಅಳತೆಗಳನ್ನು ಅವರು ಲೇಖನಗಳಾಗಿ ಪ್ರಕಟಿಸಿದರು. ಆ ಲೇಖನಗಳ ಶೀರ್ಷಿಕೆಯಲ್ಲೇ ಇದು ಪರಿಮಾಣದ ಅಧ್ಯಯನ, ಅಂದರೆ ಲೆಕ್ಕದ ಅಧ್ಯಯನ ಎಂದು ಹೇಳಿಕೊಂಡಿದ್ದಾರೆ. ನನಗೆ ಅವರು ಇಷ್ಟವಾಗಲು ಇದೂ ಒಂದು ಕಾರಣ.

ಈ ಪ್ರಯೋಗಗಳ ನಡುವೆ ಒಂದು ತೊಂದರೆ ಎದುರಾಯಿತು. ಕೆಲವು ಮುದಿ ನಾಯಿಗಳಿಗೆ ಮೊದಲೇ ಪ್ರಾಸ್ಟೇಟ್‌ನಲ್ಲಿ ಗಡ್ಡೆ ಇರುತ್ತಿತ್ತು. ಅಂಥ ನಾಯಿ ಸಿಕ್ಕಿದರೆ ಅಳತೆ ಕೆಡುತ್ತದೆ ಎಂದು ಹಗಿನ್ಸ್ ಅವರಿಗೆ ಮೊದಮೊದಲು ಕಿರಿಕಿರಿ. ಆದರೆ ಅವುಗಳನ್ನು ಪಕ್ಕಕ್ಕೆ ತಳ್ಳದೆ ಪರೀಕ್ಷಿಸಿದರು. ವೃಷಣ ತೆಗೆದರೆ ಅಥವಾ ಸ್ತ್ರೀ ಹಾರ್ಮೋನ್ ಆದ ಈಸ್ಟ್ರೊಜನ್ ಕೊಟ್ಟರೆ ಆ ಗಡ್ಡೆಯೂ ಕುಗ್ಗುತ್ತಿತ್ತು! ಆಮೇಲೆ ಅವರು ಗಡ್ಡೆ ಇರುವ ನಾಯಿಗಳನ್ನೇ ಹುಡುಕತೊಡಗಿದರು. ನಮ್ಮ ಅಕೌಂಟೆನ್ಸಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ಹಾಗೆ. ವ್ಯತ್ಯಾಸ ಬಂದ ಸಾಲನ್ನು ಅಳಿಸಿಹಾಕಿದರೆ ಏನೂ ಸಿಗುವುದಿಲ್ಲ, ಅದರ ಬೆನ್ನು ಹತ್ತಿದರೆ ಮಾತ್ರ ಕಾರಣ ಸಿಗುತ್ತದೆ.

ಆ ಕಾಲದ ವೈದ್ಯರು ಕ್ಯಾನ್ಸರ್ ಬಗ್ಗೆ ಏನು ನಂಬಿದ್ದರು ಎಂದು ತಿಳಿದರೆ ಈ ಕೆಲಸದ ಬೆಲೆ ಗೊತ್ತಾಗುತ್ತದೆ. ಕ್ಯಾನ್ಸರ್ ಜೀವಕೋಶ ಯಾರ ಮಾತನ್ನೂ ಕೇಳುವುದಿಲ್ಲ, ದೇಹದ ಯಾವ ನಿಯಮಕ್ಕೂ ಬಗ್ಗುವುದಿಲ್ಲ ಎಂಬುದು ಸಾಮಾನ್ಯ ನಂಬಿಕೆ. ಆದ್ದರಿಂದ ಕತ್ತರಿಸಿ ತೆಗೆಯಬೇಕು, ಇಲ್ಲವೇ ವಿಕಿರಣದಿಂದ ಸುಡಬೇಕು. ಮೂಳೆಗೆ ಹರಡಿದ ಮೇಲೆ ಎರಡೂ ಸಾಧ್ಯವಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹೋದ ರೋಗಿಗೆ ನೋವಿನ ಔಷಧ ಕೊಟ್ಟು ಸುಮ್ಮನಾಗುವುದು ಬಿಟ್ಟರೆ ವೈದ್ಯರ ಕೈಯಲ್ಲಿ ಹೆಚ್ಚಿನದೇನೂ ಇರಲಿಲ್ಲ.

ಹಗಿನ್ಸ್ ಅವರು ಕೇಳಿಕೊಂಡ ಪ್ರಶ್ನೆ ಸರಳ. ಪ್ರಾಸ್ಟೇಟ್ ಪುರುಷ ಹಾರ್ಮೋನಿನಿಂದ ಬದುಕುತ್ತದೆ. ಹಾಗಾದರೆ ಪ್ರಾಸ್ಟೇಟ್‌ನಿಂದ ಹುಟ್ಟಿದ ಕ್ಯಾನ್ಸರ್ ಕೂಡ ಅದೇ ಹಾರ್ಮೋನನ್ನು ಅವಲಂಬಿಸಿರಬಹುದೇ? ಅದನ್ನು ನಿಲ್ಲಿಸಿದರೆ, ದೇಹದಲ್ಲಿ ಎಲ್ಲೇ ಹರಡಿದ್ದರೂ, ಕ್ಯಾನ್ಸರ್ ಕುಗ್ಗಬಹುದೇ?

ಇದನ್ನು ಮನುಷ್ಯರಲ್ಲಿ ಪರೀಕ್ಷಿಸಬೇಕಾದರೆ ಒಂದು ಅಳತೆಗೋಲು ಬೇಕು. ಮೂಳೆಯೊಳಗೆ ಇರುವ ಕ್ಯಾನ್ಸರನ್ನು ಕಣ್ಣಿಂದ ನೋಡಲಾಗದು, ಕೈಯಿಂದ ಮುಟ್ಟಲಾಗದು. ಅಳತೆಗೋಲನ್ನು ಬೇರೆಯವರು ಆಗಲೇ ಹುಡುಕಿಟ್ಟಿದ್ದರು. ಪ್ರಾಸ್ಟೇಟ್‌ನಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ತುಂಬಾ ಇರುತ್ತದೆ. ಕ್ಯಾನ್ಸರ್ ಮೂಳೆಗೆ ಹರಡಿದ ರೋಗಿಗಳ ರಕ್ತದಲ್ಲಿ ಈ ಕಿಣ್ವ ಏರುತ್ತದೆ ಎಂದು 1938ರಲ್ಲಿ ನ್ಯೂಯಾರ್ಕಿನ ಅಲೆಕ್ಸಾಂಡರ್ ಗಟ್‌ಮನ್ ಮತ್ತು ಎಥೆಲ್ ಗಟ್‌ಮನ್ ತೋರಿಸಿದ್ದರು. ಲಂಡನ್ನಿನಲ್ಲಿ ಫಾಸ್ಫಟೇಸ್ ಕಲಿತು ಬಂದಿದ್ದ ಹಗಿನ್ಸ್ ಅವರಿಗೆ ಇದರ ಉಪಯೋಗ ತಕ್ಷಣ ಹೊಳೆಯಿತು. ರಕ್ತದಲ್ಲಿ ಕಿಣ್ವ ಇಳಿದರೆ ಕ್ಯಾನ್ಸರ್ ಇಳಿಯುತ್ತಿದೆ, ಏರಿದರೆ ಅದೂ ಏರುತ್ತಿದೆ ಎಂದು ಓದಬಹುದು.

ತಮ್ಮ ಕಿರಿಯ ಸಹೋದ್ಯೋಗಿ ಕ್ಲಾರೆನ್ಸ್ ಹಾಡ್ಜಸ್ ಜೊತೆ ಅವರು ಮೂಳೆಗೆ ಕ್ಯಾನ್ಸರ್ ಹರಡಿದ ರೋಗಿಗಳನ್ನು ಆರಿಸಿಕೊಂಡರು. ಚಿಕಿತ್ಸೆಗೆ ಮೊದಲು ರಕ್ತ ತೆಗೆದು ಅಳೆದರು. ನಂತರ ವೃಷಣಗಳನ್ನು ತೆಗೆದರು ಅಥವಾ ಈಸ್ಟ್ರೊಜನ್ ಇಂಜೆಕ್ಷನ್ ಕೊಟ್ಟರು. ಮತ್ತೆ ಮತ್ತೆ ರಕ್ತ ಅಳೆದರು. ಏರಿದ್ದ ಕಿಣ್ವ ಇಳಿಯಿತು. ಪುರುಷ ಹಾರ್ಮೋನ್ ಕೊಟ್ಟು ನೋಡಿದಾಗ ಕಿಣ್ವ ಏರಿತು. ಒಂದು ಕಡೆ ತೆಗೆದರೆ ಇಳಿಯುತ್ತದೆ, ಇನ್ನೊಂದು ಕಡೆ ಸೇರಿಸಿದರೆ ಏರುತ್ತದೆ. ಎರಡೂ ಕಡೆಯಿಂದ ಲೆಕ್ಕ ತಾಳೆಯಾಯಿತು. 1941ರಲ್ಲಿ, ಕ್ಯಾನ್ಸರ್ ರಿಸರ್ಚ್ ಎಂಬ ಪತ್ರಿಕೆಯ ಮೊದಲ ಸಂಪುಟದಲ್ಲೇ ಈ ಲೇಖನ ಬಂತು. ಅದು ಐದು ಪುಟದ ಲೇಖನ. ನಮ್ಮ ಬ್ಯುಸಿನೆಸ್ ಸ್ಟಡೀಸ್ ಪ್ರಾಜೆಕ್ಟ್ ಕೂಡ ಅದಕ್ಕಿಂತ ದಪ್ಪ ಇರುತ್ತದೆ.

ಅದೇ ವರ್ಷ ಇನ್ನೊಂದು ಲೇಖನದಲ್ಲಿ, ಕ್ಯಾನ್ಸರ್ ಮುಂದುವರಿದಿದ್ದ 21 ರೋಗಿಗಳಿಗೆ ವೃಷಣ ತೆಗೆದ ಮೇಲೆ ಏನಾಯಿತು ಎಂದು ಬರೆದರು. ಹೆಚ್ಚಿನವರಿಗೆ ಗುಣ ಕಾಣಿಸಿತು. ಮೂಳೆ ನೋವು ಕಡಿಮೆಯಾಯಿತು, ಹಸಿವು ಮರಳಿತು, ತೂಕ ಹೆಚ್ಚಿತು. ಹಾಸಿಗೆ ಹಿಡಿದವರು ಎದ್ದು ನಡೆದರು. ಕೆಲವರು ಹತ್ತು ವರ್ಷಕ್ಕೂ ಹೆಚ್ಚು ಬದುಕಿದರು. ಇಡೀ ದೇಹಕ್ಕೆ ಹರಡಿದ ಕ್ಯಾನ್ಸರನ್ನು ರಾಸಾಯನಿಕ ದಾರಿಯಿಂದ ಹಿಮ್ಮೆಟ್ಟಿಸಬಹುದು ಎಂದು ಹೀಗೆ ಗೊತ್ತಾಯಿತು. ಫಲಿತಾಂಶ ಖಚಿತವಾದ ರಾತ್ರಿ ಹಗಿನ್ಸ್ ಅವರು ಸುಮಾರು ಒಂದು ಮೈಲಿ ದೂರದ ಮನೆಗೆ ನಡೆದು ಹೋಗುವಾಗ, ಎದೆ ಜೋರಾಗಿ ಬಡಿದುಕೊಳ್ಳುತ್ತಿದ್ದ ಕಾರಣ ದಾರಿಯಲ್ಲಿ ಎರಡು ಮೂರು ಸಲ ಕುಳಿತುಕೊಂಡರಂತೆ. ಇದನ್ನು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ.

ಈಗ ನಾನು ಇವರನ್ನು ಏಕೆ ಆರಿಸಿಕೊಂಡೆ ಎಂದು ಹೇಳುತ್ತೇನೆ. ನಮ್ಮ ನಾನಾ ಅವರಿಗೆ, ಅಂದರೆ ಅಮ್ಮಿಯ ತಂದೆಗೆ, ಇದೇ ಕಾಯಿಲೆ ಇದೆ. ಅವರು ನಮ್ಮ ಜೊತೆಯಲ್ಲೇ ಇದ್ದಾರೆ. ಕಾಯಿಲೆ ಗೊತ್ತಾಗುವ ಮೊದಲು ಸುಮಾರು ಒಂದು ವರ್ಷ ಅವರು ಮಸೀದಿಯಲ್ಲಿ ಮುಂದಿನ ಸಾಲು ಬಿಟ್ಟು ಬಾಗಿಲ ಹತ್ತಿರ ನಿಲ್ಲುತ್ತಿದ್ದರು. ಮತ್ತೆ ಮತ್ತೆ ಎದ್ದು ಹೋಗಬೇಕು, ವುಜೂ ನಿಲ್ಲುವುದಿಲ್ಲ ಎಂಬ ಕಾರಣ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಮಗಳ ಮುಂದೆ ಹೇಗೆ ಹೇಳುವುದು, ಅಳಿಯನ ಮುಂದೆ ಹೇಗೆ ಹೇಳುವುದು ಎಂಬ ಶರಮ್. ಬೆನ್ನು ನೋವು ಎಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ಕೊನೆಗೆ ಒಂದು ರಾತ್ರಿ ಮೂತ್ರ ಪೂರ್ತಿ ಕಟ್ಟಿದಾಗ ಅಬ್ಬಾ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಷ್ಟರಲ್ಲಿ ಕಾಯಿಲೆ ಬೆನ್ನುಮೂಳೆಗೆ ಹೋಗಿತ್ತು.

ಈಗ ಅವರಿಗೆ ಮೂರು ತಿಂಗಳಿಗೊಮ್ಮೆ ಒಂದು ಇಂಜೆಕ್ಷನ್ ಕೊಡಿಸುತ್ತೇವೆ. ಆಸ್ಪತ್ರೆಯ ಫೈಲು ನನ್ನ ಜವಾಬ್ದಾರಿ. ಪ್ರತಿ ಸಲದ ರಕ್ತ ಪರೀಕ್ಷೆಯ ಅಂಕಿಯನ್ನು ಒಂದು ಲೆಡ್ಜರ್ ಪುಸ್ತಕದಲ್ಲಿ ತಾರೀಖಿನೊಂದಿಗೆ ಬರೆದಿಡುತ್ತೇನೆ. ಮೊದಲ ಇಂಜೆಕ್ಷನ್ ನಂತರ ಆ ಅಂಕಿ ಇಳಿಯುತ್ತಾ ಬಂತು, ಬೆನ್ನು ನೋವೂ ಇಳಿಯಿತು. ನಾನಾ ಮತ್ತೆ ನಡೆದುಕೊಂಡು ಮಸೀದಿಗೆ ಹೋಗುತ್ತಾರೆ. ಒಂದು ಇಂಜೆಕ್ಷನ್ ಮೂಳೆಯ ಕ್ಯಾನ್ಸರನ್ನು ಹೇಗೆ ಕುಗ್ಗಿಸುತ್ತದೆ ಎಂದು ಡಾಕ್ಟರನ್ನು ಕೇಳಿದೆ. ಇದು ಪುರುಷ ಹಾರ್ಮೋನನ್ನು ನಿಲ್ಲಿಸುವ ಔಷಧ, ಇದರ ಮೂಲ ಹಗಿನ್ಸ್ ಎಂಬವರ ಸಂಶೋಧನೆ ಎಂದರು. ಆ ಹೆಸರನ್ನು ಫೈಲಿನ ಹಿಂಬದಿಯಲ್ಲಿ ಬರೆದುಕೊಂಡು ಬಂದು ಓದಲು ಶುರುಮಾಡಿದೆ.

ಹಗಿನ್ಸ್ ಅವರ ಚಿಕಿತ್ಸೆ ಎಲ್ಲರಿಗೂ ಸಂಪೂರ್ಣ ಗುಣ ಕೊಡಲಿಲ್ಲ. ಇದನ್ನು ಹೇಳದಿದ್ದರೆ ಅವರ ಜೀವನ ಅರ್ಧ ಬರೆದಂತೆ. ಕೆಲವು ರೋಗಿಗಳಿಗೆ ಅದು ಕೆಲಸವನ್ನೇ ಮಾಡಲಿಲ್ಲ. ಗುಣ ಕಂಡವರಲ್ಲೂ ಬಹಳಷ್ಟು ಮಂದಿಗೆ ಒಂದೆರಡು ವರ್ಷಗಳಲ್ಲಿ ಕ್ಯಾನ್ಸರ್ ಮರಳಿ ಬಂತು. ಏಕೆ ಎಂದು ಅವರು ಹುಡುಕಿದರು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳೂ ಸ್ವಲ್ಪ ಪುರುಷ ಹಾರ್ಮೋನ್ ತಯಾರಿಸುತ್ತವೆ. ಮುಂದೆ ಕಾರ್ಟಿಸೋನ್ ಔಷಧ ಬಂದಾಗ, ಈ ಗ್ರಂಥಿಗಳಿಲ್ಲದೆಯೂ ಮನುಷ್ಯ ಬದುಕುವುದು ಸಾಧ್ಯವಾಯಿತು. 1951ರ ಸುಮಾರಿಗೆ ಹಗಿನ್ಸ್ ಮತ್ತು ಡೆಲ್ಬರ್ಟ್ ಬರ್ಗೆನ್‌ಸ್ಟಾಲ್ ಎರಡೂ ಅಡ್ರಿನಲ್ ಗ್ರಂಥಿಗಳನ್ನು ತೆಗೆಯುವ ಚಿಕಿತ್ಸೆ ಮಾಡಿದರು. ಪ್ರಾಸ್ಟೇಟ್ ರೋಗಿಗಳಿಗೆ ಅದರಿಂದ ಅಷ್ಟು ಲಾಭವಾಗಲಿಲ್ಲ. ಆದರೆ ಸ್ತನ ಕ್ಯಾನ್ಸರ್ ಇದ್ದ ಕೆಲವು ಮಹಿಳೆಯರಲ್ಲಿ ಗಡ್ಡೆಗಳು ಕುಗ್ಗಿದವು. ಹಾರ್ಮೋನಿನ ತತ್ವ ಒಂದೇ ಕಾಯಿಲೆಗೆ ಸೀಮಿತವಲ್ಲ ಎಂದು ಇದರಿಂದ ಇನ್ನಷ್ಟು ಖಚಿತವಾಯಿತು.

ಔಷಧದ ವಿಷಯದಲ್ಲಿ ವಾಣಿಜ್ಯದ ಒಂದು ಪಾಠವೂ ಇದೆ. 1938ರಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಡಾಡ್ಸ್ ಮತ್ತು ಸಂಗಡಿಗರು ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೊಜನ್ ತಯಾರಿಸಿದರು. ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಯಾವ ಕಂಪನಿ ಬೇಕಾದರೂ ತಯಾರಿಸಬಹುದಿತ್ತು, ಬೆಲೆ ಕಡಿಮೆಯಿತ್ತು, ಮಾತ್ರೆಯಾಗಿ ನುಂಗಬಹುದಿತ್ತು. ಆಪರೇಷನ್ ಬೇಡ ಎನ್ನುವ ರೋಗಿಗಳಿಗೆ ಅದು ಬಹಳ ವರ್ಷ ಆಧಾರವಾಯಿತು. ಆದರೆ ಅಗ್ಗದ ಮಾತ್ರೆಗೂ ಬೇರೆ ಬೆಲೆ ಇತ್ತು. 1960ರ ದಶಕದಲ್ಲಿ ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ, ದಿನಕ್ಕೆ 5 ಮಿಲಿಗ್ರಾಂ ಸ್ಟಿಲ್ಬೆಸ್ಟ್ರಾಲ್ ತೆಗೆದುಕೊಂಡವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾವು ಹೆಚ್ಚಾಗಿದೆ ಎಂದು ಕಂಡುಬಂತು. ಆ ಅಧ್ಯಯನದ ನಂತರ ವೈದ್ಯರು ಪ್ರಮಾಣ ಇಳಿಸಿದರು, ಬೇರೆ ದಾರಿ ಹುಡುಕಿದರು.

ಬೇರೆ ದಾರಿ ಮೆದುಳಿನ ಕಡೆಯಿಂದ ಬಂತು. ವೃಷಣಗಳಿಗೆ ಹಾರ್ಮೋನ್ ತಯಾರಿಸು ಎಂಬ ಅಪ್ಪಣೆ ಮೆದುಳಿನ ತಳಭಾಗದಿಂದ ಹೊರಡುತ್ತದೆ. ಆ ಅಪ್ಪಣೆಯ ರಾಸಾಯನಿಕ ರಚನೆಯನ್ನು ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಯ್ಯೆಮಿನ್ ಅವರ ತಂಡಗಳು ಕಂಡುಹಿಡಿದವು. ಇಬ್ಬರಿಗೂ 1977ರಲ್ಲಿ ನೊಬೆಲ್ ಬಂತು. ಅದೇ ರಚನೆಯನ್ನು ಸ್ವಲ್ಪ ಬದಲಿಸಿ ತಯಾರಿಸಿದ ಲ್ಯುಪ್ರೊಲೈಡ್‌ನಂಥ ಔಷಧವನ್ನು ಎಡೆಬಿಡದೆ ಕೊಟ್ಟರೆ, ಮೊದಲು ಸ್ವಲ್ಪ ಏರಿ, ನಂತರ ಹಾರ್ಮೋನ್ ತಯಾರಿಕೆ ನಿಂತುಹೋಗುತ್ತದೆ. ಅಮೆರಿಕದಲ್ಲಿ 1985ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ವೃಷಣ ತೆಗೆಯುವ ಆಪರೇಷನ್ ಇಲ್ಲದೆ ಅದೇ ಫಲ ಸಿಗತೊಡಗಿತು. ಆಸಿಡ್ ಫಾಸ್ಫಟೇಸ್ ಬದಲು ಈಗ ಪಿಎಸ್‌ಎ ಎಂಬ ಪ್ರೊಟೀನನ್ನು ರಕ್ತದಲ್ಲಿ ಅಳೆಯುತ್ತಾರೆ. ನನ್ನ ಲೆಡ್ಜರ್‌ನಲ್ಲಿರುವುದು ಅದೇ ಅಂಕಿ. ಅಡ್ರಿನಲ್ ಗ್ರಂಥಿಯಲ್ಲೂ ಕ್ಯಾನ್ಸರಿನ ಒಳಗೂ ಹಾರ್ಮೋನ್ ತಯಾರಾಗದಂತೆ ತಡೆಯುವ ಅಬಿರಾಟೆರೋನ್ ಮಾತ್ರೆ 2011ರಲ್ಲಿ ಬಂತು. ಹಗಿನ್ಸ್ ಅವರು ಚಾಕುವಿನಿಂದ ಮಾಡಲು ಹೊರಟಿದ್ದನ್ನು ಅರವತ್ತು ವರ್ಷದ ಮೇಲೆ ಮಾತ್ರೆ ಮಾಡಿತು.

ಈ ಚಿಕಿತ್ಸೆಗೆ ಅಡ್ಡಪರಿಣಾಮಗಳಿವೆ. ರಾತ್ರಿ ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರು ಸುರಿಯುತ್ತದೆ. ಮೂಳೆ ಸವೆಯುತ್ತದೆ, ಆಯಾಸವಾಗುತ್ತದೆ, ಸ್ನಾಯುಗಳ ಬಲ ಕುಗ್ಗುತ್ತದೆ. ಎಷ್ಟೋ ಪುರುಷರಿಗೆ ತಮ್ಮ ಗಂಡಸುತನವೇ ಹೋಯಿತೇನೋ ಎಂಬ ಮನಸ್ಸಿನ ನೋವು ಇನ್ನೂ ದೊಡ್ಡದು. 1941ರಲ್ಲಿ ವೃಷಣ ತೆಗೆಸಿಕೊಳ್ಳಲು ಒಪ್ಪಿದ ಆ 21 ಮಂದಿ ಇದೆಲ್ಲವನ್ನೂ ಅನುಭವಿಸಿದವರು. ಅವರ ಹೆಸರು ನಮಗೆ ಗೊತ್ತಿಲ್ಲ. ಚಿಕಿತ್ಸೆ ಫಲಿಸುತ್ತದೆ ಎಂಬ ಭರವಸೆಯನ್ನು ಅವರಿಗೆ ಕೊಡಲು ಆಗ ಯಾರಿಂದಲೂ ಆಗುತ್ತಿರಲಿಲ್ಲ. ಹಗಿನ್ಸ್ ಅವರಿಗೆ ಸಿಕ್ಕ ಗೌರವದಲ್ಲಿ ಆ ರೋಗಿಗಳಿಗೂ ಪಾಲಿದೆ ಎಂದು ನಾನು ತಿಳಿದಿದ್ದೇನೆ. ಪ್ರಯೋಗಾಲಯದ ನಾಯಿಗಳನ್ನೂ ಮರೆಯಬಾರದು.

ಇನ್ನು ಅವರ ಮುಂದಿನ ಜೀವನ. 1951ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಬೆನ್ ಮೇ ಕ್ಯಾನ್ಸರ್ ಸಂಶೋಧನಾಲಯ ಶುರುವಾಯಿತು. ಬೆನ್ ಮೇ ವಿಜ್ಞಾನಿಯಲ್ಲ, ಅಲಬಾಮಾ ರಾಜ್ಯದ ಮೊಬೀಲ್ ಊರಿನ ಮರದ ವ್ಯಾಪಾರಿ. ದುಡಿದ ಹಣವನ್ನು ಇಂಥ ಕೆಲಸಕ್ಕೆ ಕೊಟ್ಟವರು. ನಾವು ವಾಣಿಜ್ಯದವರು ಸಂಶೋಧನೆ ಮಾಡಲಾರೆವು ಎಂದುಕೊಳ್ಳುವಾಗ ಈ ವ್ಯಾಪಾರಿಯ ಹೆಸರನ್ನು ನೆನೆಯಬಹುದು. ಹಗಿನ್ಸ್ ಅವರು 1969ರ ತನಕ ಅದರ ನಿರ್ದೇಶಕರಾಗಿದ್ದರು. ದೊಡ್ಡ ದೊಡ್ಡ ತಂಡ ಕಟ್ಟುವುದು, ಸಭೆಗಳಲ್ಲಿ ಕೂರುವುದು ಅವರಿಗೆ ಇಷ್ಟವಿರಲಿಲ್ಲ. ಪ್ರಯೋಗದ ಮೇಜಿನ ಮುಂದೆ ನಿಂತು ತಮ್ಮ ಕೈಯಾರೆ ಕೆಲಸ ಮಾಡುವುದೇ ಅವರ ಪದ್ಧತಿ. ಅವರು ಅಲ್ಲಿಗೆ ಕರೆತಂದ ಎಲ್‌ವುಡ್ ಜೆನ್ಸನ್ ಮುಂದೆ ಈಸ್ಟ್ರೊಜನ್ ಹಾರ್ಮೋನ್ ಜೀವಕೋಶದಲ್ಲಿ ಎಲ್ಲಿ ಹೋಗಿ ಅಂಟಿಕೊಳ್ಳುತ್ತದೆ ಎಂದು ಕಂಡುಹಿಡಿದರು. ಇಂದು ಸ್ತನ ಕ್ಯಾನ್ಸರ್ ಬಂದ ಮಹಿಳೆಯರಿಗೆ ಯಾವ ಔಷಧ ಕೊಡಬೇಕು ಎಂದು ತೀರ್ಮಾನಿಸಲು ಆ ಪರೀಕ್ಷೆ ಮಾಡುತ್ತಾರೆ.

1963ರಲ್ಲಿ ಹಗಿನ್ಸ್ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು. 1966ರಲ್ಲಿ ನೊಬೆಲ್ ಬಂತು. ಅವರೊಂದಿಗೆ ಪ್ರಶಸ್ತಿ ಹಂಚಿಕೊಂಡವರು ಪೇಟನ್ ರೌಸ್. ಕೋಳಿಗಳಲ್ಲಿ ಕ್ಯಾನ್ಸರ್ ತರುವ ವೈರಸ್ ಇದೆ ಎಂದು ರೌಸ್ ತೋರಿಸಿದ್ದು 1911ರಲ್ಲಿ. ನೊಬೆಲ್ ಬಂದಾಗ ಅವರಿಗೆ 87 ವರ್ಷ. ಹಗಿನ್ಸ್ ಅವರಿಗೆ 65. ಅದಕ್ಕೂ ಮೊದಲು ಕ್ಯಾನ್ಸರ್ ಸಂಶೋಧನೆಗೆ ನೊಬೆಲ್ ಕೊಟ್ಟಿದ್ದು ಡೆನ್ಮಾರ್ಕಿನ ಯೊಹಾನೆಸ್ ಫಿಬಿಗರ್ ಅವರಿಗೆ, 1926ರ ಪ್ರಶಸ್ತಿಯಾಗಿ. ಹುಳುವಿನಿಂದ ಕ್ಯಾನ್ಸರ್ ಬರುತ್ತದೆ ಎಂಬ ಅವರ ತೀರ್ಮಾನ ಆಮೇಲೆ ತಪ್ಪು ಎಂದು ತಿಳಿಯಿತು. ನಂತರ ನಲವತ್ತು ವರ್ಷ ಈ ಕ್ಷೇತ್ರಕ್ಕೆ ಪ್ರಶಸ್ತಿ ಬರಲಿಲ್ಲ. ಹಗಿನ್ಸ್ ಅವರ ಲೇಖನ ಪ್ರಶಸ್ತಿಗಾಗಿ ಇಪ್ಪತ್ತೈದು ವರ್ಷ ಕಾಯಿತು. ಅಷ್ಟರಲ್ಲಿ ಲೋಕದ ಎಷ್ಟೋ ಆಸ್ಪತ್ರೆಗಳಲ್ಲಿ ಅದು ರೋಗಿಗಳಿಗೆ ಕೆಲಸಕ್ಕೆ ಬಂದಿತ್ತು.

1972ರಿಂದ 1979ರವರೆಗೆ ಅವರು ತಾವು ಓದಿದ ಅಕೇಡಿಯಾ ವಿಶ್ವವಿದ್ಯಾಲಯದ ಕುಲಾಧಿಪತಿಯಾಗಿದ್ದರು. ವಯಸ್ಸಾದ ಮೇಲೂ ಸಂಶೋಧನೆ ಬಿಡಲಿಲ್ಲ. ಕೊನೆಗಾಲದಲ್ಲಿ ಮತ್ತೆ ಮೂಳೆ ಹೇಗೆ ಬೆಳೆಯುತ್ತದೆ ಎಂಬ ತಮ್ಮ ಮೊದಲ ಪ್ರಶ್ನೆಯ ಮೇಲೂ ಕೆಲಸ ಮಾಡಿದರು. 1997ರ ಜನವರಿ 12ರಂದು ಶಿಕಾಗೊದಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು. ನಾವು ಯಾರೂ ಆಗ ಹುಟ್ಟಿರಲಿಲ್ಲ.

ಗೆಳೆಯರೇ, ಈ ಲೇಖನ ಬರೆಯುವಾಗ ಪ್ರಾಸ್ಟೇಟ್, ವೃಷಣ ಎಂಬ ಪದಗಳನ್ನು ಕಾಲೇಜಿನ ಸುದ್ದಿಪತ್ರದಲ್ಲಿ ಬರೆಯಬಹುದೇ ಎಂದು ನಾನು ಬಹಳ ಯೋಚಿಸಿದೆ. ಕನ್ನಡ ಉಪನ್ಯಾಸಕರನ್ನು ಕೇಳಿದೆ. ಹೃದಯ, ಶ್ವಾಸಕೋಶ ಎಂದು ಬರೆಯುವ ಹಾಗೆಯೇ ಇದನ್ನೂ ಬರೆ ಎಂದರು. ಮನೆಯಲ್ಲಿ ಉರ್ದುವಿನಲ್ಲಿ ನಾವು ಈ ಮಾತು ಆಡುವುದೇ ಇಲ್ಲ. ಅದಕ್ಕೆ ಸಭ್ಯವಾದ ಪದ ನಮಗೆ ಯಾರೂ ಕಲಿಸಿಲ್ಲ. ಕನ್ನಡದಲ್ಲಿ ಓದಿ, ಕನ್ನಡದಲ್ಲಿ ಬರೆದ ಮೇಲೆ ನನಗೆ ಅಬ್ಬಾ ಜೊತೆಗೂ ಈ ವಿಷಯ ಮಾತನಾಡುವುದು ಸುಲಭವಾಯಿತು.

ನಮ್ಮ ಮನೆಗಳಲ್ಲಿ ಐವತ್ತು ದಾಟಿದ ಗಂಡಸರಿದ್ದಾರೆ. ದಾದಾ, ನಾನಾ, ದೊಡ್ಡಪ್ಪ, ಮಾಮು, ಪಕ್ಕದ ಮನೆಯ ಚಾಚಾ. ನಮ್ಮ ಕಾಲೇಜಿನ ಹಿರಿಯ ಸಿಬ್ಬಂದಿಯೂ ಇದ್ದಾರೆ. ರಾತ್ರಿ ಮತ್ತೆ ಮತ್ತೆ ಏಳುವುದು, ಮೂತ್ರ ಕಟ್ಟುವುದು, ಮೂತ್ರದಲ್ಲಿ ರಕ್ತ, ಬಿಡದ ಬೆನ್ನು ನೋವು ಇದ್ದರೆ ಡಾಕ್ಟರಿಗೆ ತೋರಿಸಬೇಕು. ಹೆಚ್ಚಿನ ಸಲ ಅದು ಸಾಮಾನ್ಯ ಊತವೇ ಆಗಿರುತ್ತದೆ. ಕ್ಯಾನ್ಸರ್ ಆಗಿದ್ದರೂ ಬೇಗ, ಹರಡುವ ಮೊದಲೇ ತಿಳಿದರೆ ಪೂರ್ತಿ ಗುಣವಾಗುವ ಸಾಧ್ಯತೆ ಇದೆ. ತಡವಾಗಿ ತಿಳಿದರೂ ಹಗಿನ್ಸ್ ಅವರು ತೋರಿಸಿದ ದಾರಿ ಇದೆ. ದೊಡ್ಡವರು ತಾವಾಗಿ ಹೇಳದಿದ್ದರೆ ನಾವೇ ಮೆಲ್ಲಗೆ ಕೇಳಬೇಕು. ಅವರು ಮಗಳಿಗೆ ಹೇಳಲಾರದ್ದನ್ನು ಮೊಮ್ಮಗನಿಗೆ ಹೇಳಬಹುದು.